ಮೊದಲ ಟ್ರ್ಯಾಕ್ ದಿನಕ್ಕೆ ಬೆಳಗಾವಿಯಿಂದ ಹೊರಡುವವರಿಗೆ

ಬೆಳಗಾವಿಯಲ್ಲಿ ಸ್ವಿಫ್ಟ್, ಪೋಲೊ, ಐ20 ಇಟ್ಟುಕೊಂಡು ಗಾಡಿ ಓಡಿಸುವ ಹುಚ್ಚು ಹಿಡಿಸಿಕೊಂಡವರಿಗೆ ಚೋರ್ಲಾ ಘಾಟಿನ ತಿರುವುಗಳು ಬಾಯಿಪಾಠ. ಎಲ್ಲಿ ಮೂರನೇ ಗೇರು, ಎಲ್ಲಿ ಎರಡನೆಯದು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಆದರೆ ತಿರುವಿನಾಚೆ ಏನಿದೆ ಎನ್ನುವುದು ಯಾರ ಬಾಯಿಪಾಠಕ್ಕೂ ಸಿಗುವುದಿಲ್ಲ. ಗೋವಾ ಕಡೆಯಿಂದ ಏರುತ್ತಿರುವ ಲಾರಿ ಇರಬಹುದು, ಅಡ್ಡ ನಿಂತ ಎಮ್ಮೆ ಇರಬಹುದು, ಮಳೆಗೆ ಕುಸಿದ ಮಣ್ಣಿರಬಹುದು. ಅಥಣಿ, ಚಿಕ್ಕೋಡಿ ಕಡೆಗೆ ಹೋದರೆ ಕಬ್ಬಿನ ಹಂಗಾಮಿನಲ್ಲಿ ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದ ಟ್ರೇಲರುಗಳು ಕತ್ತಲಲ್ಲಿ ಎದುರಾಗುತ್ತವೆ.

ರಸ್ತೆಯ ಮೇಲೆ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾಯ್ದೆಯ ಮಾತು ಬದಿಗಿಟ್ಟರೂ ಘಾಟಿನಲ್ಲಿ ಕಲಿಯಲು ಆಗುವುದಿಲ್ಲ. ಕಲಿಯಬೇಕೆಂದರೆ ಅದೇ ತಿರುವನ್ನು ಇಪ್ಪತ್ತು ಸಲ ತೆಗೆದುಕೊಳ್ಳಬೇಕು, ಪ್ರತಿ ಸಲ ಒಂದೇ ಒಂದು ಸಂಗತಿ ಬದಲಿಸಿ ನೋಡಬೇಕು, ತಪ್ಪಿದರೆ ಜಾರಿ ನಿಲ್ಲಲು ಖಾಲಿ ಜಾಗ ಬೇಕು. ಈ ಮೂರೂ ಒಟ್ಟಿಗೆ ಸಿಗುವುದು ಟ್ರ್ಯಾಕಿನಲ್ಲಿ, ಅಂದರೆ ವೇಗವಾಗಿ ಓಡಿಸಲೆಂದೇ ಕಟ್ಟಿದ ಸುತ್ತುದಾರಿಯಲ್ಲಿ ಮಾತ್ರ.

ನಮ್ಮ ಭಾಗದಲ್ಲಿ ಕಾರಿಗೆಂದು ಅಂಥ ದೊಡ್ಡ ಟ್ರ್ಯಾಕ್ ಇಲ್ಲ. ಹೋಗಬಹುದಾದವುಗಳಲ್ಲಿ ಎರಡನ್ನು ಹೇಳುತ್ತೇನೆ. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು, 1990ರಿಂದ ನಡೆಯುತ್ತಿದೆ, ಪೂರ್ತಿ ಸುತ್ತು 3.7 ಕಿ.ಮೀ. ಎರಡನೆಯದು ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಬೆಳಗಾವಿಯಿಂದ ಎರಡೂ ಎಂಟುನೂರು ಕಿಲೋಮೀಟರಿನ ಆಸುಪಾಸು, ಸಾಮಾನ್ಯ ದಾರಿ ಬೆಂಗಳೂರು ಹಾದು. ಮೊದಲ ಸಲಕ್ಕೆ ಕೊಯಮತ್ತೂರು ವಾಸಿ. ಸುತ್ತು ಚಿಕ್ಕದು, ವೇಗ ಕಡಿಮೆ, ಒಂದೇ ಸೆಷನ್ನಿನಲ್ಲಿ (ಒಂದು ಸರದಿಯಲ್ಲಿ) ಹೆಚ್ಚು ಸಲ ಅದೇ ತಿರುವು ಕೈಗೆ ಬರುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕಿಟ್ 5.125 ಕಿ.ಮೀ.; ಅಲ್ಲಿನ ಹಿಂದಿನ ನೇರ ದಾರಿಯೇ ಒಂದು ಕಿಲೋಮೀಟರಿಗೂ ಉದ್ದ. ಅದು ಬ್ರೇಕ್ ಚೆನ್ನಾಗಿ ಕಲಿತವರಿಗೆ.

ಅಷ್ಟು ದೂರ ಹೋಗುವ ಮೊದಲು ಕೊಲ್ಹಾಪುರಕ್ಕೆ ಹೋಗಿ ಬನ್ನಿ. ಇಲ್ಲಿಂದ 110 ಕಿಲೋಮೀಟರು, ಅಲ್ಲೊಂದು ಕಾರ್ಟಿಂಗ್ ಟ್ರ್ಯಾಕ್ ಇದೆ. ಕಾರ್ಟ್ ಎಂದರೆ ನೆಲಕ್ಕಂಟಿದಂತಿರುವ ಪುಟ್ಟ ರೇಸ್ ಬಂಡಿ. ಬಾಡಿಗೆ ಕಾರ್ಟ್ ಯಾವಾಗ ಸಿಗುತ್ತದೆ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಬಾಡಿಗೆ ಕಾರ್ಟಿಗೆ ಗೇರಿಲ್ಲ, ಸಸ್ಪೆನ್ಷನ್ ಇಲ್ಲ, ಬ್ರೇಕ್ ಹಿಂದಿನ ಗಾಲಿಗಷ್ಟೇ. ಹೀಗಾಗಿ ಮನಸ್ಸು ಕಣ್ಣಿನ ಮೇಲೆ ಮತ್ತು ದಾರಿಯ ಮೇಲೆ ಮಾತ್ರ ನಿಲ್ಲುತ್ತದೆ. ತಿರುವಿನ ನಡುವೆ ಬ್ರೇಕ್ ಒತ್ತಿದರೆ ಗರ್ರನೆ ತಿರುಗಿ ನಿಲ್ಲುತ್ತದೆ. ಆ ಪಾಠ ಕಾರಿನಲ್ಲಿ ಕಲಿಯುವುದಕ್ಕಿಂತ ಅಲ್ಲಿ ಬಹಳ ಅಗ್ಗ.

ಈಗ ಕಾರು. ಮೊದಲ ದಿನಕ್ಕೆ ಎಂಜಿನ್ ಕೆಲಸ, ಎಕ್ಸಾಸ್ಟ್, ತಗ್ಗಿಸಿದ ಸ್ಪ್ರಿಂಗು ಯಾವುದೂ ಬೇಡ. ಆ ದುಡ್ಡಿನಲ್ಲಿ ಕಾಲು ಭಾಗವನ್ನು ಬ್ರೇಕಿಗೆ ಹಾಕಿ. 1000 ಕಿಲೋ ತೂಕದ ಕಾರು ಗಂಟೆಗೆ 140 ಕಿ.ಮೀ. ವೇಗದಿಂದ 70ಕ್ಕೆ ಇಳಿಯಲು ಸುಮಾರು ಎರಡೂವರೆ ಸೆಕೆಂಡು ಸಾಕು. ಅಷ್ಟರಲ್ಲಿ ಬ್ರೇಕುಗಳು ನುಂಗುವ ಶಕ್ತಿ 567 ಕಿಲೋಜೂಲ್. ಮನೆಯಲ್ಲಿ ಹತ್ತು ಹನ್ನೊಂದು ಜನರ ಚಹಾದ ನೀರು ಕುದಿಸಲು ಬೇಕಾಗುವಷ್ಟು ಕಾವು ಅದು. ಪ್ರತಿ ಸುತ್ತಿನಲ್ಲಿ ಇದು ಎರಡು ಮೂರು ಸಲ, ಹದಿನೈದು ನಿಮಿಷ ಬಿಡುವಿಲ್ಲದೆ. ಮಾರುಕಟ್ಟೆಗೆ ಹೋಗಿ ಬರುವ ಬ್ರೇಕಿಗೆ ಈ ಅಭ್ಯಾಸ ಇರುವುದಿಲ್ಲ.

ಮೊದಲು ಸೋಲುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರುತ್ತದೆ, ಹೀರಿದಷ್ಟೂ ಕುದಿಯುವ ಮಟ್ಟ ಕೆಳಗಿಳಿಯುತ್ತದೆ. ಡಾಟ್ 4 ಆಯಿಲಿಗೆ ಹೊಸದಿರುವಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ ಕನಿಷ್ಠ 155 ಡಿಗ್ರಿ ಇರಬೇಕೆಂಬುದು ನಿಯಮ. ಡಾಟ್ 3ಕ್ಕೆ ಇವೇ ಅಂಕಿಗಳು 205 ಮತ್ತು 140. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ಗುಳ್ಳೆ ಏಳುತ್ತದೆ. ಆಯಿಲ್ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಬೆಳಗಾವಿಯ ಮಳೆಗಾಲ ಕಳೆದ ಗಾಡಿಯಲ್ಲಿ ಎರಡು ವರ್ಷದ ಹಳೆಯ ಆಯಿಲ್ ಇದ್ದರೆ ಟ್ರ್ಯಾಕಿಗೆ ಒಯ್ಯಲೇಬೇಡಿ. ಗ್ಯಾರೇಜಿನ ಕಪಾಟಿನಲ್ಲಿ ಬಾಯಿ ತೆರೆದಿಟ್ಟ ಡಬ್ಬಿಯ ಆಯಿಲೂ ಬೇಡ. ಸೀಲ್ ನಿಮ್ಮ ಕಣ್ಣೆದುರಿಗೇ ಒಡೆಯಲಿ. ಪೂರ್ತಿ ಬದಲಿಸಲು ಒಂದು ಲೀಟರ್ ತಂದಿಟ್ಟುಕೊಂಡರೆ ಕಡಿಮೆ ಬೀಳದು.

ಏರ್ ತೆಗೆಯುವ ಕ್ರಮ ಕಂಪನಿಯ ಪುಸ್ತಕದಲ್ಲಿ ಇದ್ದಂತೆ ಇರಲಿ. ಎಷ್ಟೋ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಗಾಲಿ ಮೊದಲು, ನಮ್ಮ ಬಲಗೈ ಸ್ಟೇರಿಂಗಿನ ಕಾರುಗಳಲ್ಲಿ ಅದು ಹಿಂದಿನ ಎಡಗಾಲಿ. ಗಾಲಿಯ ಬ್ರೇಕಿನಲ್ಲಿ ಏರ್ ಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಹಾಕಿ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಆಮೇಲೆ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿ ಮಾಡಬೇಕು. ಬಿಗಿಯಾದ ಮೇಲಷ್ಟೇ ಕಾಲು ತೆಗೆಯಬೇಕು. ಕಂದು ಬಣ್ಣ ಹೋಗಿ ಹೊಸ ಆಯಿಲಿನ ತಿಳಿ ಬಣ್ಣ ಬರುವವರೆಗೆ ನಡೆಯಲಿ. ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿ ಬರಿದಾಗಲು ಬಿಡಲೇಬಾರದು. ಬರಿದಾದರೆ ಗಾಳಿ ಎಬಿಎಸ್ (ಬ್ರೇಕಿಗೆ ಗಾಲಿ ಕಚ್ಚದಂತೆ ತಡೆಯುವ) ಘಟಕದೊಳಗೆ ಸೇರುತ್ತದೆ, ಅದನ್ನು ಹೊರಗೆಳೆಯಲು ಸ್ಕ್ಯಾನರ್ ಬೇಕಾಗುವ ಕಾರುಗಳೇ ಹೆಚ್ಚು. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ, ಅದು ಪೇಂಟ್ ತಿನ್ನುತ್ತದೆ.

ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿ.ಮೀ. ಇರುತ್ತದೆ. 6ಕ್ಕಿಂತ ಕಡಿಮೆ ಉಳಿದಿದ್ದರೆ ಬದಲಿಸಿಯೇ ಹೊರಡಿ, ಮತ್ತು ಹಳೆಯ ಜೋಡಿಯನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಹೊಸ ಪ್ಯಾಡ್ ಹಾಕಿದ ದಿನವೇ ಟ್ರ್ಯಾಕಿಗೆ ಇಳಿಯಬಾರದು. ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, 60ರಿಂದ 15ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂಡಬೇಕು. ಕೂಡದಿದ್ದರೆ ಪೆಡಲ್ಲಿನಲ್ಲಿ ನಡುಕ ಬರುತ್ತದೆ, ಅದನ್ನೇ ಡಿಸ್ಕ್ ಸೊಟ್ಟಾಗಿದೆ ಎಂದು ತಿಳಿದು ಲೇಥಿಗೆ ಕೊಡುವವರಿದ್ದಾರೆ.

ಟ್ರ್ಯಾಕಿನಲ್ಲಿ ಬ್ರೇಕ್ ಸೋಲುವ ಎರಡು ಬಗೆಗಳನ್ನು ಕಾಲಿನಿಂದಲೇ ಗುರುತಿಸಬಹುದು. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಉದ್ದಕ್ಕೆ ಹೋಗುತ್ತಿದೆ ಎಂದರೆ ಆಯಿಲ್ ಕುದಿಯುತ್ತಿದೆ. ಮೊದಲನೆಯದಕ್ಕೆ ಒಂದೆರಡು ಸುತ್ತು ಸಾವಕಾಶ ಓಡಿಸಿದರೆ ಸಾಕು. ಎರಡನೆಯದಕ್ಕೆ ತಕ್ಷಣ ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ) ಬನ್ನಿ, ಪೆಡಲ್ ಪಂಪ್ ಮಾಡುತ್ತಾ, ಗೇರಿನಲ್ಲಿ ವೇಗ ಇಳಿಸುತ್ತಾ. ಆರಿದ ಮೇಲೆ ಪೆಡಲ್ ಸರಿಯಾದಂತೆ ಕಂಡರೂ ಆಯಿಲ್ ಬದಲಿಸದೆ ಮತ್ತೆ ಇಳಿಯಬಾರದು.

ಟಾಯರಿನ ಮಾತು ಹವಾದಿಂದ ಶುರುವಾಗುತ್ತದೆ. ಮನೆಯ ಹತ್ತಿರದ ಪಂಚರ್ ಅಂಗಡಿಯಲ್ಲಿ ತುಂಬಿಸಿದ ಅಳತೆ ಅಲ್ಲಿ ನಿಲ್ಲುವುದಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಚೆನ್ನೈ ಮಟ್ಟಕ್ಕೆ ಇಳಿದರೆ ಹೊರಗಿನ ಗಾಳಿಯ ಒತ್ತಡ ಏರಿ ಗೇಜಿನಲ್ಲಿ ಒಂದು ಪಿಎಸ್‌ಐಗಿಂತ ತುಸು ಹೆಚ್ಚೇ ಕಡಿಮೆ ತೋರಿಸುತ್ತದೆ. ಇತ್ತ ಹವೆಯ ಕಾವು ಐದೂವರೆ ಡಿಗ್ರಿ ಏರಿದಾಗಲೊಮ್ಮೆ ಸುಮಾರು ಒಂದು ಪಿಎಸ್‌ಐ ಹೆಚ್ಚುತ್ತದೆ. ಆದ್ದರಿಂದ ಟ್ರ್ಯಾಕಿಗೆ ತಲುಪಿದ ಬೆಳಿಗ್ಗೆ, ಟಾಯರ್ ತಣ್ಣಗಿರುವಾಗಲೇ ಹೊಸದಾಗಿ ಅಳೆಯಿರಿ. ಸ್ವಂತ ಗೇಜ್ ಒಯ್ಯಿರಿ, ಎಲ್ಲಾ ಗಾಲಿಗೂ ಅದೊಂದೇ ಬಳಸಿ. ಬಾಗಿಲ ಚೌಕಟ್ಟಿನ ಮೇಲೆ ಕಂಪನಿ ಬರೆದ ಅಳತೆಯಿಂದ ಶುರು ಮಾಡಿ. ಸೆಷನ್ ಮುಗಿಸಿ ಬಂದ ಕೂಡಲೇ ಮತ್ತೆ ಅಳೆದರೆ 4ರಿಂದ 8 ಪಿಎಸ್‌ಐ ಏರಿರುತ್ತದೆ. ಟಾಯರಿನ ಭುಜಕ್ಕೆ ಮೂರು ಕಡೆ ಚಾಕ್‌ಪೀಸಿನಿಂದ ಗೆರೆ ಎಳೆದಿಡಿ. ಗೆರೆ ಅಂಚಿನಾಚೆ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಹವಾ ಕಡಿಮೆ, ಟಾಯರ್ ಮಗ್ಗಲಾಗುತ್ತಿದೆ. ಗೆರೆ ಭುಜದ ಮೇಲೆಯೇ ಉಳಿದಿದ್ದರೆ ಹವಾ ಜಾಸ್ತಿ, ಒಂದೊಂದೇ ಪಿಎಸ್‌ಐ ಇಳಿಸಿ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟಾಯರಿನ ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ.

ಗಾಲಿಯ ನಟ್ಟುಗಳನ್ನು ಟಾರ್ಕ್ ಪಾನಾದಿಂದಲೇ (ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾ) ಬಿಗಿ ಮಾಡಿ. ಚಿಕ್ಕ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಅಂಕಿ ಪುಸ್ತಕದಲ್ಲಿದೆ. ಕಾಲಿನಿಂದ ತುಳಿದು ಬಿಗಿ ಮಾಡುವ ಪದ್ಧತಿಯಲ್ಲಿ ಒಂದು ನಟ್ಟು ಅತಿ, ಇನ್ನೊಂದು ಸಡಿಲ. ಮೊದಲ ಸೆಷನ್ ಮುಗಿದು ಗಾಲಿ ಆರಿದ ಮೇಲೆ ಇನ್ನೊಮ್ಮೆ ನೋಡಿ. ಎಂಜಿನ್ ಆಯಿಲ್ ಮೇಲಿನ ಗುರುತಿನ ಹತ್ತಿರವಿರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಹರಿದು ಪಂಪಿಗೆ ಗಾಳಿ ಸಿಗಬಾರದು. ಪೆಟ್ರೋಲೂ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ರಸ್ತೆಯಲ್ಲಿ ಹದಿನೈದು ಕೊಡುವ ಗಾಡಿ ಇಲ್ಲಿ ಐದಾರು ಕೊಟ್ಟರೆ ಹೆಚ್ಚು.

ಒಳಗಿನದ್ದೆಲ್ಲ ಹೊರಗೆ ಬರಬೇಕು: ಜಾಕು, ಸ್ಟೆಪ್ನಿ, ನೀರಿನ ಬಾಟಲಿ, ಡ್ರೈವರ್ ಕಾಲಡಿಯ ಮ್ಯಾಟು. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಭಕ್ತಿಯಿಂದ ತೆಗೆದು ಬ್ಯಾಗಿನಲ್ಲಿಡಿ. ಜೋರು ಬ್ರೇಕಿಗೆ ಅಂಟು ಬಿಟ್ಟು ಪೆಡಲ್ ಕೆಳಗೆ ಉರುಳಿದರೆ ಬ್ರೇಕ್ ಒತ್ತಲು ಆಗುವುದಿಲ್ಲ. ಎಳೆಯುವ ಕೊಂಡಿಯನ್ನು ಬಂಪರಿಗೆ ತಿರುಗಿಸಿ ನೋಡಿ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಹತ್ತಿಯ ತುಂಬುತೋಳಿನ ಅಂಗಿ, ತೆಳು ಅಟ್ಟೆಯ ಬೂಟು. ಇನ್ನೊಂದು ಮಾತು ಹೊರಡುವ ಮೊದಲೇ ತಿಳಿದಿರಬೇಕು: ನಮ್ಮ ಸಾಮಾನ್ಯ ಕಾರು ವಿಮೆ ರೇಸಿಂಗ್ ಮತ್ತು ವೇಗಪರೀಕ್ಷೆಯ ಬಳಕೆಯನ್ನು ಹೊರಗಿಟ್ಟಿರುತ್ತದೆ. ಗೋಡೆಗೆ ಬಡಿದರೆ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿಕೊಂಡೇ ಹೋಗಿ.

ಇನ್ನು ಓಡಿಸುವುದು. ಕುಳಿತುಕೊಳ್ಳುವ ರೀತಿಯಿಂದಲೇ ಅರ್ಧ ಕೆಲಸ ಆಗುತ್ತದೆ. ಬೆನ್ನು ಸೀಟಿಗೆ ಅಂಟಿರುವಾಗ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಲುಪಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಕೈ ಒಂಬತ್ತು ಮತ್ತು ಮೂರು ಗಂಟೆಯ ಜಾಗದಲ್ಲಿ. ಎಡಗಾಲು ಕ್ಲಚ್ಚಿನ ಪಕ್ಕದ ಹಲಗೆಯ ಮೇಲೆ ಊರಿ, ಮೈಭಾರವನ್ನು ಆ ಕಾಲೇ ಹೊರಲಿ. ಸ್ಟೇರಿಂಗನ್ನು ಜೋತುಬಿದ್ದು ಹಿಡಿದವರ ಕೈಗೆ ಟಾಯರ್ ಹೇಳುವ ಸುದ್ದಿ ತಲುಪುವುದಿಲ್ಲ.

ಸುದ್ದಿ ಎಂದರೆ ಭಾರ ಎಲ್ಲಿದೆ ಎಂಬುದು. ಮುಂದಿನ ಗಾಲಿ ಎಳೆಯುವ 1000 ಕಿಲೋ ಕಾರು ಸುಮ್ಮನೆ ನಿಂತಾಗ ಮುಂದೆ 600, ಹಿಂದೆ 400 ಕಿಲೋ ಇದೆ ಎನ್ನಿ. ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ., ಗಾಲಿಯಿಂದ ಗಾಲಿಗೆ 2.45 ಮೀಟರ್. 0.8 ಜಿ ಬಲದಿಂದ (ಗಾಡಿಯ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು) ಬ್ರೇಕ್ ಒತ್ತಿದರೆ 180 ಕಿಲೋ ಮುಂದಕ್ಕೆ ಸರಿಯುತ್ತದೆ. ಈಗ ಮುಂದೆ 780, ಹಿಂದೆ ಬರೀ 220. ಇದೇ ಹೊತ್ತಿನಲ್ಲಿ ಸ್ಟೇರಿಂಗ್ ಜಗ್ಗಿದರೆ ಹಿಂದಿನ ಗಾಲಿಗಳಿಗೆ ನೆಲ ಹಿಡಿಯಲು ಭಾರವೇ ಇಲ್ಲ. ಕುಸ್ತಿ ಅಖಾಡದಲ್ಲಿ ಎದುರಾಳಿಯ ಒಂದು ಕಾಲು ಹಗುರಾದ ಕ್ಷಣಕ್ಕೇ ಪೈಲವಾನ ಪಟ್ಟು ಹಾಕುತ್ತಾನಲ್ಲ, ಕಾರು ಬೀಳುವುದೂ ಆ ಕ್ಷಣದಲ್ಲೇ. ತಲೆಯ ಮೇಲೆ ತುಂಬಿದ ಕೊಡ ಹೊತ್ತವರು ನಡೆಯುವಂತೆ ಓಡಿಸಬೇಕು: ತಿರುಗಬಹುದು, ನಿಲ್ಲಬಹುದು, ಜರ್ಕು ಕೊಡುವಂತಿಲ್ಲ.

ಹೀಗಾಗಿ ಮೊದಲ ದಿನದ ಕ್ರಮ ಒಂದೇ. ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ, ಬ್ರೇಕ್ ಬಿಟ್ಟ ಮೇಲೆ ತಿರುಗಿ, ಸ್ಟೇರಿಂಗ್ ನೇರವಾಗುತ್ತ ಬಂದಂತೆ ಆಕ್ಸಿಲರೇಟರ್ ಒತ್ತುತ್ತ ಹೋಗಿ. ಬ್ರೇಕ್ ಹಿಡಿದೇ ತಿರುವಿಗೆ ನುಗ್ಗುವ ವಿದ್ಯೆ ಇದೆ, ಅದು ಇನ್ನೊಂದು ದಿನಕ್ಕೆ. ಬ್ರೇಕ್ ಒತ್ತುವುದರಲ್ಲೂ ಹದವಿದೆ. ಮೊದಲ ಕಾಲು ಸೆಕೆಂಡಿನಲ್ಲಿ ಮೂತಿ ಬಾಗುವಷ್ಟು ಒತ್ತಿ, ಭಾರ ಮುಂದೆ ಬಂದ ಕೂಡಲೇ ಪೂರ್ತಿ ಜೋರಿನಿಂದ, ಕೊನೆಯಲ್ಲಿ ಮೆಲ್ಲನೆ ಬಿಡುತ್ತ. ಹೊಸಬರು ಇದರ ತಿರುಗಾಮುರುಗಾ ಮಾಡುತ್ತಾರೆ: ಶುರುವಿನಲ್ಲಿ ಹೆದರಿ ಮೆತ್ತಗೆ, ತಿರುವು ಹತ್ತಿರ ಬಂದಾಗ ಗಾಬರಿಯಿಂದ ಜೋರಾಗಿ.

ಎಲ್ಲಿ ಒತ್ತಬೇಕು ಎಂಬುದಕ್ಕೆ ತಿರುವಿಗೆ ಮುಂಚಿನ ದೂರದ ಫಲಕಗಳನ್ನು ಹಿಡಿಯಿರಿ. 0.8 ಜಿ ಲೆಕ್ಕದಲ್ಲಿ 140ರಿಂದ 70ಕ್ಕೆ ಇಳಿಯಲು 72 ಮೀಟರ್ ಬೇಕು, 150ರಿಂದ ಇಳಿಯಲು 87 ಮೀಟರ್. 140ರ ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ 19 ಮೀಟರ್ ಹೋಯಿತು. ಅದಕ್ಕೇ 150 ಮೀಟರ್ ಫಲಕದಲ್ಲಿ ಬ್ರೇಕ್ ಶುರು ಮಾಡಿ. ತಿರುವಿಗೆ ಮೊದಲೇ ಬೇಕಾದ ವೇಗಕ್ಕೆ ಇಳಿದು ಜಾಗ ಉಳಿಯುತ್ತಿದೆ ಎಂದು ಮೂರು ಸುತ್ತು ಕಂಡ ಮೇಲೆ ಒಂದು ಕಾರಿನುದ್ದ ಮುಂದೆ ಸರಿಸಿ. ಒಮ್ಮೆಗೆ ಒಂದೇ ಕಾರಿನುದ್ದ, ಒಂದೇ ತಿರುವಿನಲ್ಲಿ.

ಗೇರ್ ಇಳಿಸುವುದು ಬ್ರೇಕಿನ ನಂತರ, ಬ್ರೇಕಿಗೆ ಬದಲಾಗಿ ಅಲ್ಲ. ನಾಲ್ಕರಿಂದ ಮೂರಕ್ಕೆ ಬೇಗ ಇಳಿಸಿದರೆ ಮುಂದಿನ ಗಾಲಿಗಳು ಕಚ್ಚಿ ಹಿಡಿಯುತ್ತವೆ. ಗಡಬಡಿಯಲ್ಲಿ ಎರಡರ ಬದಲು ಒಂದನೇ ಗೇರು ಬಿದ್ದು ಕ್ಲಚ್ ಬಿಟ್ಟರೆ ಎಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಕಾಯುವುದಿಲ್ಲ. ಗಾಲಿಯೇ ಎಂಜಿನನ್ನು ತಿರುಗಿಸಿ ವಾಲ್ವು ಬಾಗಿಸುತ್ತದೆ.

ತಿರುವಿನ ದಾರಿಗೆ ಲೆಕ್ಕ ಸರಳ. ಟಾಯರಿನ ಹಿಡಿತ 0.9 ಎಂದುಕೊಂಡರೆ 20 ಮೀಟರ್ ತ್ರಿಜ್ಯದ ದಾರಿಯಲ್ಲಿ ಗಂಟೆಗೆ 48 ಕಿ.ಮೀ. ಮಿತಿ, 40 ಮೀಟರ್ ತ್ರಿಜ್ಯದಲ್ಲಿ 68. ಆದ್ದರಿಂದಲೇ ಹೊರ ಅಂಚಿನಿಂದ ಬಂದು, ಒಳ ಅಂಚು ಮುಟ್ಟಿ, ಮತ್ತೆ ಹೊರ ಅಂಚಿಗೆ ಬಿಡುವುದು. ಅದೇ ತಿರುವಿನ ತ್ರಿಜ್ಯ ಹಿಗ್ಗುತ್ತದೆ. ಒಳ ಅಂಚು ಮುಟ್ಟುವ ಬಿಂದುವಿಗೆ ಏಪೆಕ್ಸ್ ಎನ್ನುತ್ತಾರೆ. ಕಲಿಯುವವರು ಅದನ್ನು ಬೇಗ ಮುಟ್ಟುತ್ತಾರೆ, ಕಣ್ಣು ಒಳ ಅಂಚಿಗೇ ನೆಟ್ಟಿರುವುದರಿಂದ. ಬೇಗ ಮುಟ್ಟಿದರೆ ತಿರುವು ಇನ್ನೂ ಬಾಕಿ ಇರುವಾಗಲೇ ಟ್ರ್ಯಾಕ್ ಮುಗಿದು ಹುಲ್ಲು ಬರುತ್ತದೆ. ತಡವಾಗಿ ಮುಟ್ಟಿ. ಒಳಗೆ ಹೋಗುವಾಗ ನಿಧಾನ ಎನ್ನಿಸಿದರೂ ಹೊರಗೆ ಬರುವಾಗ ಸ್ಟೇರಿಂಗ್ ಬೇಗ ನೇರವಾಗುತ್ತದೆ, ಮುಂದಿನ ನೇರ ದಾರಿಯುದ್ದಕ್ಕೂ ಆ ವೇಗ ನಿಮ್ಮ ಜೊತೆ ಬರುತ್ತದೆ. ಎಲ್ಲಕ್ಕಿಂತ ಉದ್ದದ ನೇರ ದಾರಿಗೆ ಬಿಡುವ ತಿರುವು ಯಾವುದೋ, ಮೊದಲು ಅದನ್ನು ಕಲಿಯಿರಿ.

ಕಣ್ಣು ಸದಾ ಒಂದು ಹೆಜ್ಜೆ ಮುಂದೆ. ಬ್ರೇಕ್ ಫಲಕ ಬಂತೆಂದರೆ ನೋಟ ಏಪೆಕ್ಸಿಗೆ, ಏಪೆಕ್ಸ್ ಹತ್ತಿರವಾಯಿತೆಂದರೆ ನೋಟ ಹೊರದಾರಿಗೆ. ಗೋಡೆ ನೋಡಿದರೆ ಕೈ ಗೋಡೆಯತ್ತಲೇ ತಿರುಗಿಸುತ್ತದೆ.

ತಪ್ಪುವುದು ಮೂರು ಬಗೆ. ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತಿದ್ದರೆ ಮುಂದಿನ ಟಾಯರ್ ಸೋತಿದೆ. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಜಾರುತ್ತದೆ. ಆಕ್ಸಿಲರೇಟರ್ ತುಸು ಸಡಿಲಿಸಿ, ಸ್ಟೇರಿಂಗ್ ತುಸು ಬಿಚ್ಚಿ, ಹಿಡಿತ ಬರುವವರೆಗೆ ತಾಳಿ. ಎರಡನೆಯದು ಹಿಂಭಾಗ ಜಾರುವುದು. ವೇಗವಾಗಿ ತಿರುಗುತ್ತಿರುವಾಗ ಹೆದರಿ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದವರಿಗೆ ಇದು ಬರುತ್ತದೆ. ಭಾರ ಮುಂದಕ್ಕೆ ಓಡಿ ಹಿಂದಿನ ಗಾಲಿ ಹಗುರಾಗುತ್ತದೆ. ಹೋಗಬೇಕಾದ ಕಡೆ ನೋಡಿ, ಅದೇ ಕಡೆ ಸ್ಟೇರಿಂಗ್ ತಿರುಗಿಸಿ, ಬ್ರೇಕ್ ಮುಟ್ಟಬೇಡಿ. ಕೈಮೀರಿ ಗಿರಗಿರನೆ ತಿರುಗಿತೆಂದರೆ ಆಗ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಪೂರ್ತಿ ತುಳಿದು ಹಿಡಿಯಿರಿ. ಗಾಡಿ ಒಂದೇ ದಿಕ್ಕಿಗೆ ಜಾರುತ್ತ ನಿಲ್ಲುತ್ತದೆ, ಹಿಂದೆ ಬರುವವರಿಗೆ ನೀವು ಎತ್ತ ಹೋಗುತ್ತೀರಿ ಎಂದು ತಿಳಿಯುತ್ತದೆ.

ಮೂರನೆಯದೇ ಗಾಡಿ ಪಲ್ಟಿಯಾಗುವ ಬಗೆ. ಎರಡು ಗಾಲಿ ಹುಲ್ಲಿಗೆ ಇಳಿದಾಗ ಒಮ್ಮೆಲೇ ಒಳಗೆಳೆದುಕೊಂಡರೆ ಡಾಂಬರು ಹತ್ತಿದ ಟಾಯರ್ ಗಪ್ಪನೆ ಹಿಡಿದು ಗಾಡಿಯನ್ನು ಎದುರು ಬದಿಯ ಗೋಡೆಗೆ ಒಯ್ಯುತ್ತದೆ. ಇಳಿದದ್ದು ಇಳಿಯಿತು, ಸ್ಟೇರಿಂಗ್ ನೇರ ಹಿಡಿದು, ಹುಲ್ಲಿನಲ್ಲೇ ವೇಗ ಇಳಿಸಿ, ಹಿಂದೆ ನೋಡಿ, ಸಾವಕಾಶ ಹತ್ತಿ. ಟಾಯರಿಗೆ ಮಣ್ಣು ಮೆತ್ತಿರುತ್ತದೆ, ಮುಂದಿನ ಒಂದೆರಡು ತಿರುವುಗಳನ್ನು ನಂಬಬೇಡಿ.

ಬಾವುಟಗಳನ್ನು ಬೆಳಗಿನ ಬ್ರೀಫಿಂಗಿನಲ್ಲಿ ಹೇಳುತ್ತಾರೆ, ಆದರೂ ಮನೆಯಿಂದಲೇ ಕಲಿತು ಹೋಗಿ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನ, ಯಾರನ್ನೂ ದಾಟುವಂತಿಲ್ಲ. ಕೆಂಪು ಎಂದರೆ ಸೆಷನ್ ನಿಂತಿದೆ. ಹಿಂದಿನವರು ಗುದ್ದದಂತೆ ಮೆಲ್ಲನೆ ವೇಗ ಇಳಿಸಿ ಪಿಟ್ಟಿಗೆ ಬನ್ನಿ. ನೀಲಿ ಎಂದರೆ ಹಿಂದೆ ವೇಗದ ಗಾಡಿ ಬಂದಿದೆ. ಹಳದಿಯ ಮೇಲೆ ಕೆಂಪು ಪಟ್ಟಿ ಎಂದರೆ ನೆಲ ಜಾರುತ್ತಿದೆ, ಬಹುಶಃ ಯಾರದೋ ಆಯಿಲ್. ಕಪ್ಪಿನ ನಡುವೆ ಕಿತ್ತಳೆ ಚಕ್ರ ನಿಮಗೇ ತೋರಿಸಿದರೆ ನಿಮ್ಮ ಗಾಡಿಯಿಂದ ಏನೋ ಸೋರುತ್ತಿದೆ ಅಥವಾ ಜೋತಾಡುತ್ತಿದೆ. ದಾಟಲು ಬಿಡುವುದು ನೇರ ದಾರಿಯಲ್ಲಿ ಮಾತ್ರ, ಯಾವ ಬದಿಯಿಂದ ಎಂದು ಕಿಟಕಿಯಿಂದ ಕೈ ತೋರಿಸಿ, ನಿಮ್ಮ ದಾರಿ ಬದಲಿಸದೆ. ಪಕ್ಕಕ್ಕೆ ಸರಿದು ಜಾಗ ಕೊಡಲು ಹೋದಾಗಲೇ ಇಬ್ಬರೂ ಒಂದೇ ಕಡೆ ಸರಿದು ತಾಗುತ್ತಾರೆ.

ಸೆಷನ್ ಸಾಮಾನ್ಯವಾಗಿ 15ರಿಂದ 20 ನಿಮಿಷ. ಮೊದಲ ಸುತ್ತು ಟಾಯರ್ ಕಾಯಿಸಲು, ಕೊನೆಯ ಸುತ್ತು ಬ್ರೇಕ್ ಆರಿಸಲು. ಗಡಿಯಾರ ನೋಡಬೇಡಿ. ಇಎಸ್‌ಪಿ (ಗಾಡಿ ಜಾರತೊಡಗಿದರೆ ತಾನೇ ತಿದ್ದುವ ವ್ಯವಸ್ಥೆ) ಇದ್ದರೆ ಚಾಲೂ ಇರಲಿ, ಅದರ ದೀಪ ಮಿನುಗಿದ ತಿರುವನ್ನು ನೆನಪಿಟ್ಟುಕೊಳ್ಳಿ. ನೀವು ಜರ್ಕು ಕೊಟ್ಟದ್ದು ಅಲ್ಲಿ. ಪಿಟ್ಟಿಗೆ ಬಂದು ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಕಾದ ಡ್ರಮ್ಮಿಗೆ ಲೈನರ್ ಒತ್ತಿ ಹಿಡಿದರೆ ಅಂಟಿಕೊಳ್ಳುತ್ತದೆ, ಡ್ರಮ್ ಸಮನಾಗಿ ಆರುವುದೂ ಇಲ್ಲ. ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಉಣ್ಣಬೇಡಿ, ಆದರೆ ನೀರು, ಮಜ್ಜಿಗೆ, ಓಆರ್‌ಎಸ್ ಬಿಡದೆ ಕುಡಿಯಿರಿ. ಚೆನ್ನೈನ ಸೆಕೆಯಲ್ಲಿ ಹೆಲ್ಮೆಟ್ಟಿನೊಳಗೆ ತಲೆ ಮಂಕಾಗುವುದು ಗೊತ್ತಾಗುವುದಿಲ್ಲ. ಏಪೆಕ್ಸ್ ಎರಡು ಸಲ ತಪ್ಪಿತೆಂದರೆ ಮಂಕಾಗಿದೆ ಎಂದೇ ತಿಳಿದು ಒಳಗೆ ಬನ್ನಿ.

ಸಂಜೆ ಎಲ್ಲರೂ ಮರೆಯುವ ಕೆಲಸ ಒಂದಿದೆ. ದಿನವಿಡೀ ಬಿಸಿ ಟಾಯರಿನಿಂದ ಹವಾ ಇಳಿಸುತ್ತ ಬಂದಿದ್ದೀರಿ. ರಾತ್ರಿ ಅದು ಆರಿದಾಗ ಕಂಪನಿ ಹೇಳಿದ ಅಳತೆಗಿಂತ ನಾಲ್ಕೈದು ಪಿಎಸ್‌ಐ ಕಡಿಮೆ ಇರುತ್ತದೆ. ಹಾಗೇ ಸಾಮಾನು ಹೇರಿಕೊಂಡು ಹೆದ್ದಾರಿಗೆ ಹತ್ತಿದರೆ ಟಾಯರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು, ಎಂಟುನೂರು ಕಿಲೋಮೀಟರಿನಲ್ಲಿ ಎಲ್ಲಾದರೂ ಸಿಡಿಯಬಹುದು. ಅಲ್ಲೇ ರಾತ್ರಿ ಉಳಿಯಿರಿ. ಬೆಳಿಗ್ಗೆ ತಣ್ಣಗಿರುವಾಗ ಹವಾ ತುಂಬಿಸಿ, ನಟ್ಟು ಇನ್ನೊಮ್ಮೆ ಬಿಗಿ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ಎಂದು ಗಾಲಿಯ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಡಿಕ್ಕಿಯಲ್ಲಿಟ್ಟ ಹಳೆಯ ಜೋಡಿ ತೆಗೆದು ಅಳೆಯಿರಿ. ಅದು ದಪ್ಪವಿದ್ದರೆ ಅದನ್ನೇ ಹಾಕಿ, ಇಲ್ಲವೆ ಅಲ್ಲೇ ಹೊಸದು ಕೊಂಡು ಹಾಕಿಸಿ, ಬೆಂಗಳೂರಿನ ಕಡೆ ಹೊರಡಿ.